ಒಂದು ಕೆಮ್ಮು, ಎರಡು ವೈರ್

"ದುಬಾರಿ ವೈರ್ ಹಾಕಿದಾಗಷ್ಟ ಕೆಮ್ಮಬೇಕಂತ," ಎಂದ ಹಂಪೇಶ್. "ಅಪ್ಪ ಹೇಳ್ಯಾನ."

ಸಮತಾ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟಳು. ಕೊಟ್ಟೂರು ಬಸ್ ಸ್ಟ್ಯಾಂಡಿನ ಹಿಂದಿದ್ದ ಅವಳ ರಿಪೇರಿ ಅಂಗಡಿ, ಇಬ್ಬರು ನಿಂತರೆ ತುಂಬಿಹೋಗುವಷ್ಟು ಚಿಕ್ಕದು. ಎರಡು ವರ್ಷದಿಂದ ಹಂಪೇಶನಿಗೆ ಅದೇ ಇಷ್ಟ.

ಅವನ ತಂದೆ ಪಂಚಾಕ್ಷರಪ್ಪನವರ ಶೋರೂಮಿನಲ್ಲಿ ಮಾರಾಟವಾದ ಸ್ಪೀಕರುಗಳನ್ನು ಮನೆಮನೆಗೆ ಹೋಗಿ ಕೂರಿಸುವವಳು ಸಮತಾ. ಮೀಟರಿಗೆ ನಾಲ್ಕು ಸಾವಿರದ ಸ್ಪೀಕರ್ ವೈರ್ ಬೇಕಾ ಎಂದು ಮೊನ್ನೆ ಅಲ್ಲಿ ಸ್ಪೀಕರ್ ಕೊಂಡ ಸುಕನ್ಯಾ ಟೀಚರ್ ಕೇಳಿದಾಗ ಇದ್ದದ್ದು ಇದ್ದಹಾಗೆ ಹೇಳಿಬಿಟ್ಟಿದ್ದಳು. "ಹತ್ತು ಅಡಿಗೆ ಯಾಕ್ರಿ ಟೀಚರ್? ದಪ್ಪನ ಸಾದಾ ತಾಮ್ರದ ವೈರ್ ಸಾಕು. ತೆಳ್ಳಂದು ನೂರು ಅಡಿ ಎಳದ್ರ ಮಾತು ಬ್ಯಾರೆ."

ಸಂಜೆಯೊಳಗೆ ಸುದ್ದಿ ಶೋರೂಮ್ ಮುಟ್ಟಿತು. ಪಂಚಾಕ್ಷರಪ್ಪ ಕೆಂಡವಾದರು. ಭಾನುವಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡೂ ವೈರ್ ಗುರುತಿಸಿ ತೋರಿಸುತ್ತೇನೆ, ಆಮೇಲೆ ಆಕೆ ನಮ್ಮ ಮೆಟ್ಟಿಲು ಹತ್ತಬಾರದು ಎಂದರು. ವೈರ್ ಬದಲಿಸುವ ಕೆಲಸ ಮಗನದು. ಕೆಮ್ಮುವ ಕೆಲಸವೂ.

"ನೀ ಏನಂದಿ?"

"ಏನೂ ಅನ್ನಲಿಲ್ಲ. ಕೆಮ್ಮಬ್ಯಾಡ ಅಂತ ನೀ ಒಂದು ಮಾತು ಹೇಳು, ಸಾಕು."

ಸಮತಾ ಅವನನ್ನೇ ನೋಡಿದಳು. ಆ ದೊಡ್ಡ ಕಣ್ಣು, ಎಣ್ಣೆ ಹಚ್ಚಿದರೂ ನಿಲ್ಲದ ಆ ಮುಂಗೂದಲು. ಇಷ್ಟು ಚೆಂದದ ಗಂಡಸು ಇಷ್ಟು ಪುಕ್ಕಲ ಆಗಬಾರದಿತ್ತು.

"ಹೇಳಲ್ಲ," ಎಂದಳು. "ಗಂಟಲು ನಿಂದು. ಕೆಮ್ಮಿದ್ರ ಮಾತ್ರ ನಾ ನಿಮ್ಮ ಶೋರೂಮಿಗೂ ಬರಲ್ಲ, ನಿನ್ನ ಬಾಳಿಗೂ ಬರಲ್ಲ."

ಭಾನುವಾರ ಅವಳು ಪಂಚಾಕ್ಷರಪ್ಪನವರ ಮನೆಗೆ ಹೋದಾಗ ಎಂದಿನಂತೆ ಚಹಾ ಹೊರಗಿನ ಕಟ್ಟೆಗೇ ಬಂತು, ಪೇಪರ್ ಕಪ್ಪಿನಲ್ಲಿ. ಒಳಗಿನ ಪಡಸಾಲೆಯಲ್ಲಿ ಆಂಪ್ಲಿಫೈಯರ್ ಕೂರಿಸಿದವಳು ಅವಳೇ. ಆ ಮನೆಯ ಲೋಟ ಮಾತ್ರ ಅವಳ ಕೈಗೆ ಬಂದಿರಲಿಲ್ಲ. ಸಮತಾ ಕಪ್ಪನ್ನು ಮುಟ್ಟದೆ ಒಳಗೆ ನಡೆದಳು.

ಆಂಪ್ಲಿಫೈಯರಿಗೆ ಅಡ್ಡವಾಗಿ ಬೆಡ್‌ಶೀಟ್ ಕಟ್ಟಿದ್ದರು. ಅದರ ಮೇಲೆ ಹಂಪೇಶನ ಮುಖ, ಕುತ್ತಿಗೆಯಷ್ಟೇ ಕಾಣುತ್ತಿತ್ತು. ನಾಣ್ಯ ಚಿಮ್ಮಿ, ಬಿದ್ದ ಹಾಗೆ ವೈರ್ ಸಿಕ್ಕಿಸಿ, ಅವನು ಚೀಟಿಯಲ್ಲಿ ಬರೆದಿಡಬೇಕು. ಉತ್ತರ ಬರೆದುಕೊಳ್ಳಲು ಸುಕನ್ಯಾ ಟೀಚರ್ ಕೂತರು. ಪಂಚಾಕ್ಷರಪ್ಪ ಟವೆಲ್ಲಿನಿಂದ ಕಣ್ಣು ಕಟ್ಟಿಕೊಂಡರು. ಸ್ಪೀಕರಿನಲ್ಲಿ ವಚನ ಗಾಯನ ಶುರುವಾಯಿತು.

ಸಮತಾಗೆ ಹಾಡು ಕೇಳಿಸಲೇ ಇಲ್ಲ. ಅವಳ ಜೀವವೆಲ್ಲ ಹಂಪೇಶನ ಗಂಟಲಲ್ಲಿತ್ತು.

"ಸಾದಾ," ಎಂದರು ಪಂಚಾಕ್ಷರಪ್ಪ.

ಎರಡನೆಯದು. "ಸಾದಾ."

ಮೂರನೆಯದಕ್ಕೆ ಅಡುಗೆಮನೆಯಿಂದ ಘಾಟು ಬಂತು. ಹಂಪೇಶನ ತಾಯಿ ಪಂಪಮ್ಮ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಟೀಚರ್ ಕೆಮ್ಮಿದರು. ಪಂಚಾಕ್ಷರಪ್ಪನವರೇ ಎರಡು ಸಲ ಕೆಮ್ಮಿದರು. ಬೆಡ್‌ಶೀಟಿನ ಮೇಲಿನ ಮುಖ ಕೆಂಪಾಯಿತು, ಕಣ್ಣು ತುಂಬಿತು, ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಅವನು ತುಟಿ ಬಿಗಿಹಿಡಿದು ಸಮತಾಳನ್ನೇ ನೋಡಿದ. ಕೆಮ್ಮಲಿಲ್ಲ.

"ಲೇ ಹಂಪೇಶಾ, ಅದೀಯೇನಲೇ?"

ಉತ್ತರಕ್ಕೆ ಬಾಯಿ ತೆರೆದರೆ ಕೆಮ್ಮು ಬರುತ್ತಿತ್ತು. ಅವನು ಸ್ಕ್ರೂಡ್ರೈವರಿನಿಂದ ಟಪ್ ಎಂದು ಮೇಜು ಬಡಿದ. ಸಮತಾಗೆ ನಗು ಬಂತು. ಅದರ ಹಿಂದೆಯೇ ಅಳುವೂ.

ಹತ್ತು ಸಲ ಮುಗಿಯಿತು. ಹತ್ತು ಸಲವೂ "ಸಾದಾ".

ಟೀಚರ್ ಚೀಟಿ ನೋಡಿದರು. "ದುಬಾರಿ ವೈರ್ ಆರು ಸಲ ಇತ್ರೀ. ಒಮ್ಮಿನೂ ಗೊತ್ತಾಗಲಿಲ್ಲ ನಿಮಗ?"

ಟವೆಲ್ ಬಿಚ್ಚಿದ ಪಂಚಾಕ್ಷರಪ್ಪ ಮಗನತ್ತ ತಿರುಗಿದರು. "ನಿನ್ನ ಗಂಟಲಿಗೆ ಏನು ಬಡದಿತ್ತಲೇ?"

ಬಾಯಿತಪ್ಪಿ ಬಂದ ಮಾತು. ಟೀಚರ್ ಕನ್ನಡಕದ ಮೇಲಿನಿಂದ ನೋಡಿದರು.

ಹಂಪೇಶ್ ಬೆಡ್‌ಶೀಟ್ ಸರಿಸಿ ಹೊರಗೆ ಬಂದ. ದನಿ ಒಡೆದಿತ್ತು. "ಗಂಟಲಾಗ ಒಂದು ಮಾತು ಸಿಕ್ಕೊಂಡೈತಪ್ಪಾ, ಎರಡು ವರ್ಷ ಆತು. ಸಮತಾನ್ನ ಮದುವಿ ಆಗ್ತೀನಿ. ನಾಳೆಯಿಂದ ಆ ವೈರ್ ನಾ ಮಾರಂಗಿಲ್ಲ."

ಅಡುಗೆಮನೆಯ ಸದ್ದು ನಿಂತಿತು.

"ವೈರಿನ ಮಾತು ಬಿಡಲೇ, ಸೋತೆ," ಎಂದರು ಪಂಚಾಕ್ಷರಪ್ಪ. "ನನಗ ಹತ್ತೂ ಒಂದ ಕೇಳಿಸಿದ್ವು. ಆದ್ರ ನಮ್ಮ ಮಂದಿ ಬ್ಯಾರೆ, ಅವರ ಮಂದಿ ಬ್ಯಾರೆ. ಇಷ್ಟು ದೊಡ್ಡ ಫರಕ್ ನಿನಗ ಕಾಣವಲ್ದೇನು?"

"ವೈರಿಂದೂ ಹಿಂಗ ಅಂದಿದ್ರಿ, ಯಜಮಾನ್ರ," ಎಂದಳು ಸಮತಾ.

ಅವಳ ದನಿ ಏರಲಿಲ್ಲ, ಕಣ್ಣು ಇಳಿಯಲಿಲ್ಲ. ಪಂಚಾಕ್ಷರಪ್ಪ ಟವೆಲ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಅವಳು ಹಂಪೇಶನ ಕಡೆ ತಿರುಗಿದಳು. "ಮತ್ತ ನೀನು! ಮದುವಿ ಆಗ್ತೀನಿ ಅಂತ ಸಾರಿಬಿಟ್ಟಿ. ನನ್ನ ಕೇಳಿಯೇನು?"

"ಇನ್ನೂ ಇಲ್ಲ."

"ಕೇಳು. ಇಲ್ಲೇ, ಎಲ್ಲಾರ ಮುಂದ."

ಹಂಪೇಶ್ ಬಾಯಿ ತೆರೆದ. ತಡೆದಿಟ್ಟ ಕೆಮ್ಮೆಲ್ಲ ಒಟ್ಟಿಗೇ ಬಂತು. ಬಗ್ಗಿ, ಗೋಡೆ ಹಿಡಿದು, ಕಣ್ಣೀರು ಸುರಿಸಿ ಕೆಮ್ಮಿದ. ಪಂಪಮ್ಮ ಸ್ಟೀಲ್ ಲೋಟದಲ್ಲಿ ನೀರು ಹಿಡಿದು ಓಡಿಬಂದರು. ಅದನ್ನು ಅವರ ಕೈಯಿಂದ ತೆಗೆದುಕೊಂಡವಳು ಸಮತಾ. ಅವನು ಅರ್ಧ ಕುಡಿದು ಲೋಟವನ್ನು ಅವಳಿಗೇ ಕೊಟ್ಟ. ಉಳಿದರ್ಧವನ್ನು ಅವಳು ಲೋಟಕ್ಕೆ ತುಟಿ ಹಚ್ಚಿ ನಿಧಾನವಾಗಿ ಕುಡಿದಳು, ಎಲ್ಲರೂ ನೋಡುವಂತೆ. ಖಾಲಿ ಲೋಟವನ್ನು ಪಂಚಾಕ್ಷರಪ್ಪನವರ ಪಕ್ಕದ ಟೀಪಾಯಿಯ ಮೇಲಿಟ್ಟಳು.

"ಕೇಳಿಸ್ತು ಬಿಡು," ಎಂದಳು ಹಂಪೇಶನಿಗೆ. "ಒಪ್ಪೀನಿ."