ಖಾಲಿ ಅಂಗೈ

"ಕೊಡ್ತೀನಿ... ಕೊಡ್ತೀನಿ... ಮಣ್ಣು ಹಾಕ್ಬೇಡಿ!"

ಹಾಡುಹಗಲು, ತುಂಬಿದ ಬಸ್ಸು. ಆ ಕೂಗು ಕೇಳಿದ್ದೇ ಡ್ರೈವರ್ ರೇಣುಕಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ನರಸಿಂಹರಾಜಪುರದಿಂದ ಕೊಪ್ಪಕ್ಕೆ ಏದುಸಿರು ಬಿಡುತ್ತಾ ಹೊರಟಿದ್ದ ಬಸ್ಸು ಏರಿನ ನಡುವೆಯೇ ನಿಂತುಬಿಟ್ಟಿತು. ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೂ ಬೀಳುತ್ತಿರಲಿಲ್ಲ. ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುವ ಬಸ್ಸು ಅದು. ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಹುಡುಗಾಟದ ಮಾತಲ್ಲ.

ಮುಂದಿನ ಸೀಟಿನಲ್ಲಿ ಗಂಗಾಂಬಿಕೆ ಬೆವತು ತೊಯ್ದು ಹೋಗಿದ್ದಳು. ಕಣ್ಣು ತೆರೆದಿತ್ತು. ಆದರೆ ತಾನೆಲ್ಲಿದ್ದೇನೆ ಎಂಬುದು ಅವಳಿಗೇ ತಿಳಿದಿರಲಿಲ್ಲ. ಹಿಂದಕ್ಕೆ ತಿರುಗಿದ ರೇಣುಕಪ್ಪನ ತೋಳನ್ನು ಅವಳ ಎರಡೂ ಕೈಗಳು ಗಟ್ಟಿಯಾಗಿ ಹಿಡಿದಿದ್ದವು.

"ಗಾಳಿ ಸೋಕಿದೆ ಮಾರಾಯ್ರೆ! ಇಂಥೋರನ್ನ ಯಾಕೆ ಹತ್ತಿಸ್ತೀರಿ?" ಹಿಂದಿನಿಂದ ಯಾರೋ ಗೊಣಗಿದರು.

ಪಕ್ಕದಲ್ಲಿದ್ದ ಅವಳ ಅತ್ತೆ ದಾಕ್ಷಾಯಣಮ್ಮ ಕೈ ಮುಗಿದರು. "ಬೈಬೇಡಿ ಅಪ್ಪಾ... ಸೊಸೆ. ನಾವು ಸೀತೂರಿನವರು. ಕೊಪ್ಪದ ಮಂತ್ರವಾದಿ ಹತ್ರ ಕರ್ಕೊಂಡು ಹೊಂಟೀನಿ. ನನ್ನ ಮಗ ಹೋದಾಗಿನಿಂದ ಹಿಂಗೇ."

ರೇಣುಕಪ್ಪ ತೋಳು ಬಿಡಿಸಿಕೊಳ್ಳಲಿಲ್ಲ. ಬಗ್ಗಿ, ಅವಳಿಗೊಬ್ಬಳಿಗೇ ಕೇಳುವಂತೆ ಕೇಳಿದ.

"ದಿನಾ ಒಂದೇ ಕನಸಾ?"

ಗಂಗಾಂಬಿಕೆ ಬೆಚ್ಚಿದಳು. ಇಷ್ಟು ದಿನ ಎಲ್ಲರೂ ಕೇಳಿದ್ದು ಯಾವ ದೆವ್ವ, ಎಲ್ಲಿ ಹಿಡಿಯಿತು ಎಂದು. ಕನಸಾ ಎಂದು ಕೇಳಿದವನು ಇವನೊಬ್ಬನೇ!

"ನಿಮಗೆ... ಹೆಂಗೆ ಗೊತ್ತು?"

"ನನಗೂ ಒಂದಿದೆ," ಎಂದ ಅವನು. ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಇಳಿದು ಹಿಂದಿನ ಒಲೆ ಕೆದಕಲು ಹೋದ.

ಅವಳ ಕನಸು ಇಷ್ಟೇ. ಅಗೆದ ಗುಂಡಿ. ಅದರೊಳಗೆ ಯಾರೋ ಕೂತಿದ್ದಾರೆ. ಮುಖದ ತುಂಬಾ ವಿಭೂತಿ, ಗುರುತು ಹತ್ತುವುದಿಲ್ಲ. ಎಡಗೈ ಮುಂದೆ ಚಾಚಿದೆ, ಅಂಗೈ ಖಾಲಿ. ಮೇಲಿನಿಂದ ಮಣ್ಣು ಬೀಳುತ್ತಿರುತ್ತದೆ. "ಕೊಡು" ಎನ್ನುವ ದನಿ ಕೇಳುತ್ತದೆ. ಗಂಗೆಯ ಕೈಕಾಲು ಆಡುವುದಿಲ್ಲ. ಆಮೇಲೆ ಉಳಿಯುವುದು ಕಿರುಚಾಟ ಮಾತ್ರ.

ಕೂತಿರುವುದು ಯಾರೆಂದು ಅವಳಿಗೆ ಅನುಮಾನವೇ ಇರಲಿಲ್ಲ. ತೀರಿಕೊಂಡ ಗಂಡ ಶಿವಶಂಕರಪ್ಪ. ಏನು ಕೇಳುತ್ತಿದ್ದಾನೆ ಎಂಬುದೂ ಗೊತ್ತಿತ್ತು. ಅದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಹಿಂದಿನ ವರ್ಷ ಚಳಿಜ್ವರ ಸೀತೂರಿಗೆ ನುಗ್ಗಿದಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮಲಗಿದರು. ಜ್ವರ ತಲೆಗೇರಿದ ಶಿವಶಂಕರಪ್ಪ ಏನೇನೋ ಬಡಬಡಿಸುತ್ತಾ ಕೊರಳಿನ ಶಿವದಾರವನ್ನೇ ಕಿತ್ತುಹಾಕಿದ. ಇಷ್ಟಲಿಂಗ ಚಾಪೆಯ ಮೇಲೆ ಉರುಳಿತು. ಅಯ್ಯೋ, ಕಾಲಡಿಗೆ ಬಿದ್ದೀತಲ್ಲ ಎಂದು ಗಂಗೆ ಅದನ್ನೆತ್ತಿ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಅವಳಿಗೆ ಎಚ್ಚರವಿಲ್ಲ.

ಕಣ್ಣು ಬಿಡುವ ಹೊತ್ತಿಗೆ ಗಂಡ ಮಣ್ಣಾಗಿದ್ದ. ಸೆರಗಿನಲ್ಲಿ ಗಂಟು ಹಾಗೇ ಇತ್ತು.

ಅವರಲ್ಲಿ ಲಿಂಗ ಕಟ್ಟಿದವರನ್ನು ಸುಡುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಅವರ ಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಬದುಕಿನುದ್ದಕ್ಕೂ ಎದೆಯ ಮೇಲಿದ್ದದ್ದು ಸಾವಿನಲ್ಲೂ ಜೊತೆಗಿರಬೇಕು. ಅದನ್ನು ತಾನು ಕದ್ದುಬಿಟ್ಟೆ! ಕಾಪಾಡಲು ಹೋಗಿ ಕದ್ದುಬಿಟ್ಟೆ! ಗಂಗೆ ಆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಬಚ್ಚಿಟ್ಟಳು. ಹೇಳಿದರೆ ಅತ್ತೆಯ ಎದೆ ಒಡೆದೀತು ಎಂದು ಬಾಯಿ ಹೊಲಿದುಕೊಂಡಳು.

ಮಂತ್ರವಾದಿ ಅಮಾವಾಸ್ಯೆಗೊಮ್ಮೆ ಬರಲು ಹೇಳಿದ. ಹಾಗಾಗಿ ಅಮಾವಾಸ್ಯೆಗೊಮ್ಮೆ ಅದೇ ಬಸ್ಸು, ಅದೇ ಡ್ರೈವರು. ಏರು ಮುಗಿದ ಕಡೆ ಇದ್ದಿಲು ತುಂಬಲು ಬಸ್ಸು ನಿಲ್ಲುತ್ತಿತ್ತು. ಜನ ಇಳಿದು ಎಲೆಯಡಿಕೆ ಹಾಕಿಕೊಳ್ಳುವಾಗ ಅವರಿಬ್ಬರ ಮಾತು ಶುರುವಾಗುತ್ತಿತ್ತು. ದಾಕ್ಷಾಯಣಮ್ಮ ನೋಡಿಯೂ ನೋಡದ ಹಾಗೆ ಆ ಕಡೆ ಮುಖ ಮಾಡುತ್ತಿದ್ದರು. ಸೊಸೆ ಮನುಷ್ಯರ ಹತ್ತಿರ ಮಾತಾಡುವುದೇ ಅಪರೂಪವಾಗಿತ್ತಲ್ಲ!

"ನಿಮ್ಮ ಕನಸು ಎಂಥದ್ದು?" ಒಂದು ದಿನ ಗಂಗೆಯೇ ಕೇಳಿದಳು.

ರೇಣುಕಪ್ಪ ಇದ್ದಿಲು ಸುರಿಯುವುದನ್ನು ನಿಲ್ಲಿಸಿದ.

"ಮೊದ್ಲು ಮರದ ಲಾರಿ ಓಡಿಸ್ತಿದ್ದೆ. ಐತ ಅಂತ ಒಬ್ಬ ಲೋಡು ಮಾಡೋನು. ಒಳ್ಳೆ ಮನುಷ್ಯ, ನಗಿಸ್ತಾನೇ ಇರ್ತಿದ್ದ. ಬ್ರೇಕು ಸರಿ ಇಲ್ಲ ಅಂತ ಗೊತ್ತಿತ್ತು ನನಗೆ. ಗೊತ್ತಿದ್ದೂ ಹೊರಟೆ... ತಿರುವಿನಲ್ಲಿ ಲಾರಿ ಮಗುಚ್ತು. ಅವನು ದಿಮ್ಮಿಗಳ ಕೆಳಗೆ. ಕನಸಲ್ಲಿ ದಿನಾ ಕರೀತಾನೆ. 'ಎಳೀರಿ ರೇಣಪ್ಪಾ' ಅಂತ. ನನ್ನ ಕೈ ಏಳೋದೇ ಇಲ್ಲ."

"ಅವತ್ತೂ... ಹಂಗೇ ಕರೆದಿದ್ನಾ?"

"ಇಲ್ಲ. ಬಿದ್ದ ತಕ್ಷಣ ಪ್ರಾಣ ಹೋಗಿತ್ತು. ಕರಿಯೋದು ಕನಸಲ್ಲಿ ಮಾತ್ರ. ಆಗಿದ್ದೇ ಬೇರೆ, ಕನಸು ತೋರಿಸೋದೇ ಬೇರೆ ಅಂತ ತಿಳಿಯೋ ಹೊತ್ತಿಗೆ ನಾನು ಅರ್ಧ ಹುಚ್ಚ ಆಗಿದ್ದೆ."

"ಈಗ ಆ ಕನಸು ಬೀಳಲ್ವಾ?"

"ಬೀಳುತ್ತೆ. ಮೊದ್ಲಿನಷ್ಟು ಇಲ್ಲ. ಬೆಳಿಗ್ಗೆ ಈ ಒಲೆ ಹಚ್ಚುವಾಗ ಬಾಯಿಬಿಟ್ಟು ಹೇಳ್ಕೊಳ್ತೀನಿ. ಮೊದ್ಲಿಂದ, ನಿಧಾನಕ್ಕೆ. ಓಡಿಹೋಗದೆ ನಿಂತು ನೋಡ್ತೀನಿ. ಕೊನೆಗೆ ಮಾತ್ರ ಬದಲಾಯಿಸ್ತೀನಿ. ದಿಮ್ಮಿ ಎತ್ತಿದೆ, ಐತ ಎದ್ದು ಕೂತ, ಬೀಡಿ ಕೇಳಿದ ಅಂತ." ಅವನು ನಗಲು ನೋಡಿದ, ಆಗಲಿಲ್ಲ. "ಸುಳ್ಳೇ. ಆದ್ರೂ ಕೆಲವು ರಾತ್ರಿ ಕನಸು ಆ ಸುಳ್ಳನ್ನ ಒಪ್ಪಿಕೊಳ್ಳುತ್ತೆ."

ಗಂಗೆ ಲಿಂಗದ ಸಂಗತಿ ನುಂಗಿಕೊಂಡು, ಕನಸನ್ನಷ್ಟೇ ಹೇಳಿದಳು. ಬೆಳಕಿನಲ್ಲಿ ಅದನ್ನು ಹೇಳಿದ್ದು ಅದೇ ಮೊದಲು.

"ಆ ಕೈ ಹೆಂಗಿದೆ?" ಅವನು ಕೇಳಿದ.

"ನೋಡಕ್ಕಾಗಲ್ಲ! ನನ್ನಿಂದಾಗಲ್ಲ!"

"ಇವತ್ತು ಬೇಡ ಬಿಡಿ. ಆದಾಗ ನೋಡಿ."

ಆದಾಗ ನೋಡಿ... ಈ ಒಂದು ಮಾತಿಗೆ ಅವಳ ಕಣ್ಣು ತುಂಬಿತು. ಎಲ್ಲರೂ ಧೈರ್ಯ ತಗೋ, ಮರೆತುಬಿಡು ಎಂದು ಗದರಿಸುವವರೇ. ಇವನು ಕಾಯುತ್ತೇನೆ ಎಂದಂತಿತ್ತು.

ಪ್ರೀತಿಯೇ? ಹೌದು, ಪ್ರೀತಿಯೇ. ಅಮಾವಾಸ್ಯೆ ಯಾವಾಗ ಬರುತ್ತದೋ ಎಂದು ಹೆಣ್ಣೊಬ್ಬಳು ಕಾಯುತ್ತಿದ್ದಾಳೆಂದರೆ ಇನ್ನೇನು ಹೇಳಬೇಕು!

ಮುಂದಿನ ಸಲ ರೇಣುಕಪ್ಪ ನೇರವಾಗಿಯೇ ಕೇಳಿದ. "ನಮ್ಮಲ್ಲಿ ಕೂಡಿಕೆ ಇದ್ದದ್ದೇ. ಗಂಡ ಹೋದವರಿಗೆ ಇನ್ನೊಂದು ಸಂಸಾರ ಬೇಡ ಅಂತ ಯಾರೂ ಅನ್ನಲ್ಲ. ನಿಮ್ಮ ಅತ್ತೇನ ಕೇಳ್ಲಾ?"

ಗಂಗೆಯ ಎದೆ ಹಾರಿತು. ಮರುಗಳಿಗೆಯೇ ಕಣ್ಣೆದುರು ಆ ಗುಂಡಿ, ಆ ಕೈ. ಅವನದ್ದನ್ನು ಕದ್ದಿಟ್ಟುಕೊಂಡು ಇನ್ನೊಬ್ಬನ ಮನೆ ತುಂಬಲೇ?

"ಕೇಳ್ಬೇಡಿ... ಸತ್ತವರು ಒಪ್ಪಲ್ಲ."

ರೇಣುಕಪ್ಪನ ಮುಖ ಕಪ್ಪಿಟ್ಟಿತು. ಅವನಿಗೆ ಸತ್ತವರೆಂದರೆ ಐತ.

"ಅರ್ಥ ಆಯ್ತು ಬಿಡಿ. ಒಂದು ಜೀವ ತೆಗೆದ ಕೈ. ಯಾರು ತಾನೇ ಹಿಡೀತಾರೆ?"

"ಅಯ್ಯೋ, ಹಂಗಲ್ಲ..."

ಅವನು ಕೇಳಿಸಿಕೊಳ್ಳಲಿಲ್ಲ. ಬಸ್ಸು ಹೊರಟಿತು. ಅದರ ಮುಂದಿನ ಅಮಾವಾಸ್ಯೆಗೆ ಸ್ಟಿಯರಿಂಗ್ ಹಿಂದೆ ಬೇರೆಯವನಿದ್ದ. ರೇಣುಕಪ್ಪ ತಾನಾಗಿ ಕೇಳಿಕೊಂಡು ಶೃಂಗೇರಿ ಬಸ್ಸಿಗೆ ಹೋದನಂತೆ.

ಆ ತಿಂಗಳು ಗಂಗೆ ಮಲಗಲಿಲ್ಲ ಎಂದರೂ ಸರಿ. ಊಟ ಸೇರುತ್ತಿರಲಿಲ್ಲ, ಕೆನ್ನೆ ಒಳಗೆ ಹೋಯಿತು. ಬಾವಿಕಟ್ಟೆಯ ಹತ್ತಿರ ನಿಂತಾಗ ಒಂದೊಂದು ಸಲ ನೀರು ಕರೆದಂತಾಗುತ್ತಿತ್ತು. ಹಾರಿದರೆ ನಿದ್ದೆಯಾದರೂ ಬರುತ್ತದಲ್ಲ ಎನಿಸಿದ ದಿನ ಅವಳು ತನಗೆ ತಾನೇ ಹೆದರಿ ಒಳಗೆ ಓಡಿಬಂದಳು.

ಬೆಳಗಿನ ಹೊತ್ತು. ಒಲೆ ಹಚ್ಚಬೇಕಿತ್ತು. ಕೂತಳು. ಬೇರೆ ದಾರಿ ಕಾಣದೆ ಬಾಯಿಬಿಟ್ಟು ಹೇಳತೊಡಗಿದಳು. ಗುಂಡಿ... ವಿಭೂತಿ... ಚಾಚಿದ ಕೈ... ಓಡಬೇಡ ಗಂಗಾ, ನಿಂತು ನೋಡು. ಕೈ ಹೆಂಗಿದೆ?

ಸಣ್ಣ ಕೈ. ಸುಕ್ಕುಗಟ್ಟಿದ ಚರ್ಮ. ಮಣಿಕಟ್ಟಿನ ಮೇಲೆ ಹಸಿರು ಹಚ್ಚೆ...

ಅವಳ ಕೈಯಿಂದ ಸೌದೆಯ ಪುಳ್ಳೆ ಜಾರಿತು. ಶಿವಶಂಕರಪ್ಪನ ಕೈಗೆ ಹಚ್ಚೆ ಎಲ್ಲಿತ್ತು!

ಗಂಗೆ ತಿರುಗಿ ನೋಡಿದಳು. ದೇವರ ಕೋಣೆಯಲ್ಲಿ ದಾಕ್ಷಾಯಣಮ್ಮ ಎಂದಿನಂತೆ ಗೋಡೆಗೆ ಮುಖ ಮಾಡಿ ಲಿಂಗಪೂಜೆಗೆ ಕೂತಿದ್ದರು. ಮಗ ಹೋದ ಮೇಲೆ ಅವರು ಹಾಗೇ, ಎಲ್ಲರಿಗೂ ಬೆನ್ನು ಮಾಡಿ. ಪೂಜೆಯಲ್ಲಿದ್ದವರ ಎದುರಿಗೆ ಹೋಗಬಾರದು. ಗಂಗೆ ಹೋದಳು.

ಹಚ್ಚೆಯ ಎಡಗೈ ಚಾಚಿತ್ತು. ಅಂಗೈ ಖಾಲಿ. ಖಾಲಿ ಅಂಗೈಗೇ ಅವರು ನೀರು ಬಿಟ್ಟು ವಿಭೂತಿ ಹಚ್ಚುತ್ತಿದ್ದರು.

"ಅತ್ತೇ... ನಿಮ್ಮ ಲಿಂಗ ಎಲ್ಲಿ?"

ದಾಕ್ಷಾಯಣಮ್ಮ ಅಂಗೈ ಮುಚ್ಚಿಕೊಂಡರು.

"ನೋಡಿಬಿಟ್ಯಾ ಮಗಾ..."

"ಎಲ್ಲಿ ಅತ್ತೇ?"

"ಶಂಕರನ ಹತ್ರ. ಅವತ್ತು ಅವನ ಲಿಂಗ ಸಿಗ್ಲೇ ಇಲ್ಲ. ಮನೆಯೆಲ್ಲ ಜಾಲಾಡಿದೆ. ಮಠದ ಅಯ್ಯನವ್ರೂ ಜ್ವರದಲ್ಲಿ ಬಿದ್ದಿದ್ರು, ಹೊಸದು ಕೊಡೋರು ಯಾರು? ಗುಂಡಿ ಕಾಯ್ತಿತ್ತು. ಹೆತ್ತ ಮಗನ್ನ ಬರಿಗೈಲಿ ಕಳಿಸ್ಲಾ? ನಂದೇ ಬಿಚ್ಚಿ ಇಟ್ಟೆ."

ಗಂಗೆಗೆ ಈಗ ಹೊಳೆಯಿತು. ಜ್ವರ ಇಳಿಯುತ್ತಿದ್ದ ಯಾವುದೋ ಬೆಳಿಗ್ಗೆ ಅರೆಗಣ್ಣಿನಲ್ಲಿ ಈ ಕೈಯನ್ನೇ ಕಂಡಿರಬೇಕು. ಮನಸ್ಸಿಗೆ ಹತ್ತದ್ದನ್ನು ಕಣ್ಣು ಹಿಡಿದಿಟ್ಟುಕೊಂಡಿತ್ತು. ಅವಳೊಳಗಿನ ಅಪರಾಧಿ ಭಾವ ಅದಕ್ಕೆ ಗಂಡನ ಹೆಸರು ಕೊಟ್ಟಿತ್ತು.

"ಆಮೇಲಾದ್ರೂ ಅಯ್ಯನವ್ರಿಗೆ ಹೇಳ್ಬಾರ್ದಾಗಿತ್ತಾ?"

"ಏನಂತ ಹೇಳ್ಲಿ? ಲಿಂಗ ಇಲ್ದೆ ಉಣ್ಬಾರ್ದು ಅಂತ ಗೊತ್ತಿದ್ರೂ ಉಂಡೆ ಅಂತಲಾ? ಪಾಪಿ ನಾನು. ಆ ಪಾಪವೇ ನಿನ್ನ ಹಿಡ್ಕೊಂಡು ಕಿರುಚಿಸ್ತಿದೆ ಅಂದ್ಕೊಂಡೆ. ಅದಕ್ಕೇ ಮಂತ್ರವಾದಿ ಹತ್ರ ಎಳ್ಕೊಂಡು ತಿರುಗಿದ್ದು ಕಣೇ..."

ಗಂಗೆ ಅಟ್ಟ ಹತ್ತಿ ಬಟ್ಟೆಯ ಗಂಟು ತಂದಳು. ಅತ್ತೆಯ ಮುಂದೆ ಬಿಚ್ಚಿಟ್ಟು ನೆಲಕ್ಕೆ ಹಣೆ ಹಚ್ಚಿದಳು.

"ಪಾಪಿ ನಾನು ಅತ್ತೇ. ಕಾಲಿಗೆ ಸಿಗ್ಬಾರ್ದು ಅಂತ ಸೆರಗಿಗೆ ಕಟ್ಕೊಂಡೆ. ಎಚ್ಚರ ತಪ್ತು. ಆಮೇಲೆ ಹೇಳಕ್ಕೆ ಬಾಯಿ ಬರ್ಲಿಲ್ಲ."

ಹೊಡೆಯುತ್ತಾರೆ ಎಂದುಕೊಂಡಿದ್ದಳು. ದಾಕ್ಷಾಯಣಮ್ಮ ಮಗನ ಲಿಂಗವನ್ನೆತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ಸೊಸೆಯ ತಲೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡರು. ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು ಒಬ್ಬರಿಂದೊಬ್ಬರು ಒಂದೇ ನೋವನ್ನು ಬಚ್ಚಿಟ್ಟು ಸವೆದಿದ್ದರು. ಇಬ್ಬರೂ ಒಟ್ಟಿಗೆ ಅತ್ತರು.

ಸುದ್ದಿ ಕೇಳಿದ ಅಯ್ಯನವರು ಬೈಯಲಿಲ್ಲ. ದಾಕ್ಷಾಯಣಮ್ಮನಿಗೆ ಹೊಸ ಲಿಂಗ ಕಟ್ಟಿದರು. ಶಿವಶಂಕರಪ್ಪನ ಲಿಂಗವನ್ನು ಅವನ ಸಮಾಧಿಯಲ್ಲೇ ಸೇರಿಸಿ ಮಣ್ಣು ಮುಚ್ಚಿದರು. ಅವತ್ತು ರಾತ್ರಿ ಗಂಗೆಗೆ ಕನಸು ಬಿದ್ದಿತು. ಆದರೆ ಕೈಕಾಲು ಆಡಿದವು. ಅವಳು ಗುಂಡಿಗಿಳಿದು ಆ ಮುದಿ ಕೈಯನ್ನು ಹಿಡಿದುಕೊಂಡಳು. ಎದ್ದಾಗ ಮೈ ನಡುಗುತ್ತಿತ್ತು, ಕೂಗಿರಲಿಲ್ಲ.

"ಆ ಡ್ರೈವರು ಎಲ್ಲಿ ಹೋದ್ನೇ?" ದಾಕ್ಷಾಯಣಮ್ಮ ಕೇಳಿದರು. "ನಡಿ, ಹೋಗಣ. ನೀನು ಕಾಯ್ತಾ ಕೂತ್ರೆ ಆ ಗಂಡಸು ಬರಲ್ಲ."

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸು ಹೊರಡಲು ನಿಂತಿತ್ತು. ಬಾನೆಟ್ಟಿನ ಹತ್ತಿರ ರೇಣುಕಪ್ಪ. ಸೊರಗಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು. ಗಂಗೆಯನ್ನು ಕಂಡು ಮುಖ ತಿರುಗಿಸಿದ.

ಅವಳು ನೇರ ಹೋಗಿ ಎದುರು ನಿಂತಳು.

"ಸತ್ತವರು ಅಂದಿದ್ದು ನನ್ನ ಮನೆಯವರಿಗೆ. ನಿಮ್ಮ ಐತನಿಗಲ್ಲ."

ಗಂಗೆ ಎಲ್ಲವನ್ನೂ ಹೇಳಿದಳು, ಸೆರಗಿನ ಗಂಟು, ಹಚ್ಚೆಯ ಕೈ, ಏನನ್ನೂ ಬಿಡದೆ. ಜನ ಹತ್ತಿದರು, ಕಂಡಕ್ಟರ್ ಸೀಟಿ ಊದಿದ. ರೇಣುಕಪ್ಪ ಕದಲಲಿಲ್ಲ.

"ನನಗೆ ನೀವು ಬೇಕು," ಎಂದಳು ಕೊನೆಗೆ. ನಾಚಿಕೆಯಿಂದಲ್ಲ, ಸುಸ್ತಿನಿಂದ ಅವಳ ದನಿ ಇಳಿದಿತ್ತು. "ಅತ್ತೇನ ಮಾತ್ರ ಬಿಟ್ಟು ಬರಲ್ಲ."

"ಅವರನ್ನ ಬಿಟ್ಟು ಬಾ ಅಂದ್ನಾ ನಾನು?" ಅವನ ಕಣ್ಣು ಒದ್ದೆಯಾಗಿತ್ತು. "ಗಂಗಾ, ಕನಸು ಮತ್ತೆ ಜೋರಾಗಿದೆ ನನಗೆ. ರಾತ್ರಿ ಕೂಗ್ತೀನಿ. ಕೈ ಬೀಸ್ತೀನಿ. ಯಾರು ಅಂತಲೂ ಗೊತ್ತಾಗಲ್ಲ ಆಗ. ಎಬ್ಬಿಸ್ತೀಯಾ?"

"ಎಬ್ಬಿಸ್ತೀನಿ."

"ಹೆದರಿಕೆ ಆಗಲ್ವಾ?"

"ಆಗುತ್ತೆ," ಎಂದಳು ಗಂಗೆ. "ಹೆದರ್ಕೊಂಡೇ ಎಬ್ಬಿಸ್ತೀನಿ."