ಬರಿಗೈಯಲ್ಲಿ ಕೊಟ್ಟ ಸೀಗಡಿ

"ನಾನು ಮೋಸಗಾರ ಅಂತ ನೀನೂ ನಂಬ್ತೀಯಾ, ಯೆನ್?"

ಪ್ರಯೋಗಾಲಯದ ಬಾಗಿಲಲ್ಲಿ ಲಾಮ್ ನಿಂತಿದ್ದ. ಅವನ ಒಂದು ಕಣ್ಣು ಇನ್ನೂ ಕೆಂಪಗೆ ಊದಿಕೊಂಡಿತ್ತು.

ಯೆನ್ ತಲೆ ಎತ್ತಲಿಲ್ಲ. ಅವನ ಹೊಂಡದ ಸೀಗಡಿಯಲ್ಲಿ, ಸೀಗಡಿ ಸಾಕಣೆಗೆ ಬಳಸಲೇಬಾರದ ಔಷಧಿಯ ಅಂಶ ಸಿಕ್ಕಿತ್ತು. ಪರೀಕ್ಷೆ ಮಾಡಿದವಳು ಅವಳೇ. ಸಂಜೆ ವರದಿ ಹೊರಬಿದ್ದರೆ ಕಾಮಾವ್ ಪ್ರಾಂತ್ಯದ ಯಾವ ಕಾರ್ಖಾನೆಯೂ ಅವನ ಮಾಲು ಮುಟ್ಟುವುದಿಲ್ಲ. ಇಡೀ ಹೊಂಡವೇ ಮಣ್ಣುಪಾಲು.

"ಮತ್ತೆ ಮಾಡಿ ನೋಡಿದೆ ಲಾಮ್. ಮತ್ತೂ ಅದೇ ಬಂತು."

ಅವನು ಹೊರಟುಹೋದ.

ಇಷ್ಟು ನಂಬಿದ್ದೆನಲ್ಲ ಇವನನ್ನು... ಎಂದು ಬಾಟಲಿ ತೊಳೆಯುತ್ತ ನೊಂದುಕೊಂಡವಳಿಗೆ, ಮಾದರಿ ತರಲು ಹೋದ ಬೆಳಿಗ್ಗೆ ಕಣ್ಣ ಮುಂದೆ ಬಂತು. ಅವನ ಕಣ್ಣುನೋವು ನೋಡಲಾರದೆ ಅವಳೇ ಹನಿ ಔಷಧಿ ಒಯ್ದಿದ್ದಳು. ಅವನು ದಂಡೆಯ ಮೇಲೆಯೇ ಅರ್ಧ ಕಣ್ಣಿಗೆ, ಅರ್ಧ ಕೆನ್ನೆಗೆ ಬಿಟ್ಟುಕೊಂಡು, ಅಂಗೈಯಿಂದ ಒರೆಸಿ, ಅದೇ ಕೈಯನ್ನು ಬಲೆಗೆ ಹಾಕಿದ್ದ. ಕೈಗವಸು ತೊಟ್ಟು ಆರಿಸಬೇಕಾದವಳು ಅವಳು. ಆದರೆ ಅವನು ನಗುತ್ತ ಕೊಟ್ಟದ್ದನ್ನೇ ನಗುತ್ತ ಚೀಲಕ್ಕೆ ತುಂಬಿಕೊಂಡಿದ್ದಳು.

ಆ ಹನಿಯಲ್ಲಿದ್ದದ್ದೂ ಅದೇ ಔಷಧಿ!

ತೊಳೆಯುತ್ತಿದ್ದ ಬಾಟಲಿಯನ್ನು ಅವಳು ಕೆಳಗಿಟ್ಟಳು. ಹೇಳಿದರೆ, ಓದಿ ಒದ್ದಾಡಿ ಪಡೆದ ಈ ಕೆಲಸ ಇಂದಿಗೇ ಕೊನೆ. ಹೇಳದಿದ್ದರೆ ಲಾಮ್ ಬದುಕಿಡೀ ಮೋಸಗಾರ. ಬಾಗಿಲು ತೆರೆದೇ ಇತ್ತು... ಹೋಗಲು ಮಾತ್ರ ದಾರಿಯಿರಲಿಲ್ಲ.

ವರದಿಗೆ ಸಹಿ ಬೀಳುವ ಮೊದಲು ಅವಳು ಎಲ್ಲರೂ ಚಿಕ್ಕಮ್ಮ ಎನ್ನುವ ಮುಖ್ಯಸ್ಥೆ ಹೋವಾ ಅವರ ಎದುರು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಆಕೆ ಪೆನ್ನು ಕೆಳಗಿಟ್ಟರು.

"ಮನಸ್ಸಿಟ್ಟ ಹುಡುಗನ ಹೊಂಡ ಅಂತ ಮೊದಲೇ ಹೇಳಿದ್ರೆ ಬೇರೆಯವರನ್ನ ಕಳಿಸ್ತಿದ್ದೆನಲ್ಲ, ಹುಚ್ಚಿ."

ಬೇರೆಯವರು ಹೋಗಿ ಹೊಸ ಮಾದರಿ ತಂದರು. ಅದರಲ್ಲಿ ಏನೂ ಇರಲಿಲ್ಲ. ಯೆನ್‌ಳ ಕೆಲಸ ಮಾತ್ರ ಉಳಿಯಲಿಲ್ಲ.

ತನ್ನ ಮನೆಯ ಮುಂದಿನ ಕಾಲುವೆಗೆ ಚಾಚಿದ ಹಲಗೆಯ ಮೇಲೆ ಅವಳು ಕೂತಿದ್ದಾಗ ಲಾಮ್ ದೋಣಿ ಕಟ್ಟಿ ಬಂದ. ಕೂರಲಿಲ್ಲ.

"ನಿನಗೆ ಕರುಳೇ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೆ."

"ಗೊತ್ತಾಯ್ತು. ಅಮ್ಮನ ಕಿವಿಗೂ ಬಿತ್ತು."

"ಈಗ ಮನೆಮನೆಗೂ ಹೋಗಿ ತಿದ್ದಿ ಹೇಳ್ಬೇಕು."

"ಏನಂತ?"

"ನನ್ನ ಮದ್ವೆ ಆಗ್ತಾಳೆ ಅಂತ."

"ನನ್ನನ್ನ ಕೇಳ್ದೇನೇ?"

"ಮೊದಲನೇ ಮನೆ ಇದೇ ಅಲ್ವಾ..." ಅವನು ಅವಳತ್ತ ಬಗ್ಗಿದ. "ಕೇಳ್ತಿದೀನಿ."

ಯೆನ್ ಹಲಗೆಯ ಮೇಲೆ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.