ಬುಸ್ ಎನ್ನುವುದು ನಿಲ್ಲುವವರೆಗೆ

ಗುಬ್ಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆದರೂ ತಡೆಯಲಾಗಲಿಲ್ಲ. ಹೊಳೆಯುವ ಮಾರ್ಬಲ್ ನೆಲದ ಮೇಲೆ, ತನ್ನ ಡೆಸ್ಕಿನ ಪಕ್ಕದಲ್ಲೇ ವಾಂತಿಯಾಗಿಬಿಟ್ಟಿತು.

ಗಂಟಲೆಲ್ಲ ಉರಿ, ಬಾಯೆಲ್ಲ ಹುಳಿ. ಲೇಟಾಯಿತೆಂದು ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಓಡಿಬಂದಿದ್ದಳು. ಪುಣ್ಯಕ್ಕೆ ಅದು ಆಟದ ಪೀರಿಯಡ್, ಕ್ಲಾಸಿನವರೆಲ್ಲ ಮೈದಾನದಲ್ಲಿದ್ದರು; ಮೈ ಸರಿಯಿಲ್ಲವೆಂದು ಅವಳೊಬ್ಬಳೇ ಒಳಗೆ ಉಳಿದಿದ್ದಳು. ಆದರೆ ಇನ್ನು ಹತ್ತೇ ನಿಮಿಷಕ್ಕೆ ಬೆಲ್.

ಗುಬ್ಬಿಯ ಕಣ್ಣು ಬಾಗಿಲ ಬಳಿಯ ಮಂಕು ಕಲೆಯ ಮೇಲೆ ಹೋಯಿತು. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಅಲ್ಲಿ ನಿಂಬೆ ಜ್ಯೂಸ್ ಚೆಲ್ಲಿದ್ದ. ಕಲೆಯೂ ಹೋಗಲಿಲ್ಲ, ಅವನಿಗೆ ಅಂಟಿದ ‘ಜ್ಯೂಸ್’ ಎಂಬ ಹೆಸರೂ ಹೋಗಲಿಲ್ಲ. ಕ್ಲಾಸಿಗೆಲ್ಲ ಪುಟ್ಟವಳೆಂದು ತನ್ನನ್ನು ಗುಬ್ಬಿ ಅನ್ನುತ್ತಾರೆ, ಅದೇನೋ ಸರಿ. ಇನ್ನು ಮೇಲೆ ಏನನ್ನುತ್ತಾರೋ? ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

“ಅಯ್ಯೋ ಕಂದ.” ಶಾಲೆಯನ್ನು ಗುಡಿಸಿ ಒರೆಸುವ ಆಯಮ್ಮ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಹೋಗು, ಮೊದಲು ಬಾಯಿ ಮುಕ್ಕಳಿಸಿ ಬಾ.”

ಅವಳು ಮರಳಿ ಬರುವಷ್ಟರಲ್ಲಿ ಆಯಮ್ಮ ಕಾಗದದಿಂದ ಎಲ್ಲ ಬಳಿದೆತ್ತಿ, ಒದ್ದೆಯ ಮೇಲೆ ಡಬ್ಬಿಯಿಂದ ಬಿಳಿ ಪುಡಿ ಉದುರಿಸುತ್ತಿದ್ದರು.

“ಅಡುಗೆ ಸೋಡಾ. ಕಿವಿ ಕೊಟ್ಟು ಕೇಳು.”

ಗುಬ್ಬಿ ಬಗ್ಗಿದಳು. ಸಣ್ಣಗೆ ಬುಸ್ ಎಂದು ನೊರೆಯೇಳುವ ಸದ್ದು.

“ಊಟ ಅರಗಿಸೋಕೆ ಹೊಟ್ಟೆಯೊಳಗೆ ಹುಳಿ ಇರುತ್ತೆ. ಹಾಗೇ ಬಿಟ್ರೆ ಈ ಕಲ್ಲನ್ನೂ ತಿನ್ನುತ್ತೆ. ಸೋಡಾ ಬಿದ್ರೆ ಇಬ್ಬರಿಗೂ ಜಗಳ. ಬುಸ್ ಬುಸ್ ಅಂತ ಕೂಗಾಡಿ ಇಬ್ಬರೂ ಸುಸ್ತಾಗ್ತಾರೆ. ಸದ್ದು ನಿಂತ ಮೇಲೆ ಒರೆಸಿದ್ರೆ ಕಲ್ಲು ಉಳೀತು.”

“ಕಲ್ಲನ್ನೇ ತಿನ್ನೋದಾದ್ರೆ ನನ್ನ ಹೊಟ್ಟೇನ ಯಾಕೆ ತಿನ್ನಲ್ಲ ಆಯಮ್ಮ?”

“ಹೊಟ್ಟೆ ಒರೆಸೋ ಕೆಲಸ ನಂಗೆ ಕೊಟ್ಟಿಲ್ಲಮ್ಮ. ಅದನ್ನ ನಿಮ್ಮ ಮಿಸ್‌ನ ಕೇಳು.”

ಗುಬ್ಬಿಗೆ ನಗು ಬಂತು. ಅಷ್ಟರಲ್ಲಿ ಬೆಲ್ ಹೊಡೆಯಿತು. ಮಕ್ಕಳು ದಡದಡ ಒಳಗೆ ಬಂದರು, ಹಿಂದೆಯೇ ಮಿಸ್.

“ಏನಿದು ಆಯಮ್ಮ, ಕ್ಲಾಸ್ ಹೊತ್ತಲ್ಲಿ ನೆಲ ಒದ್ದೆ? ಮಕ್ಕಳು ಜಾರಿ ಬಿದ್ರೆ? ಹೋದ ವಾರವೂ ಹೇಳಿದ್ದೆ. ಈ ಸಲ ಹೆಡ್‌ಮಿಸ್‌ಗೆ ಹೇಳಲೇಬೇಕು.”

ಆಯಮ್ಮ ಗುಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. “ಕೈ ಜಾರಿ ಬಕೆಟ್ ಚೆಲ್ತು ಮಿಸ್. ತಪ್ಪಾಯ್ತು.”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗುಬ್ಬಿಗೆ ಸುಮ್ಮನಿರಲು ಆಗಲಿಲ್ಲ.

“ಮಿಸ್, ಚೆಲ್ಲಿದ್ದು ಆಯಮ್ಮ ಅಲ್ಲ. ನಾನು ವಾಂತಿ ಮಾಡ್ಕೊಂಡೆ. ಕಲ್ಲು ಹಾಳಾಗಬಾರದು ಅಂತ ಅವರು ಸೋಡಾ ಹಾಕಿದ್ದಾರೆ. ಸದ್ದು ನಿಲ್ಲೋವರೆಗೂ ಒರೆಸಬಾರದು.”

ಹಿಂದಿನ ಬೆಂಚು ಮೂಗು ಮುಚ್ಚಿಕೊಂಡಿತು. “ವಾಂತಿ ಗುಬ್ಬಿ,” ಎಂದು ಯಾರೋ ಪಿಸುಗುಟ್ಟಿ ನಕ್ಕರು.

‘ಜ್ಯೂಸ್’ ಎನ್ನಿಸಿಕೊಂಡ ಹುಡುಗ ಮಾತ್ರ ನಗಲಿಲ್ಲ. ಬಾಗಿಲ ಬಳಿಯ ಕಲೆಯನ್ನು ನೋಡಿದ, ಆಯಮ್ಮನ ಡಬ್ಬಿಯನ್ನು ನೋಡಿದ. “ನಾನು ನಿಂಬೆ ಹುಳಿ ಚೆಲ್ಲಿದ ದಿನ ಆಯಮ್ಮ ರಜದಲ್ಲಿದ್ರು. ಇಲ್ಲಾಂದ್ರೆ ಆ ಕಲೆ ಉಳೀತಿರಲಿಲ್ಲ,” ಎಂದ.

ಹಿಂದಿನ ಬೆಂಚಿನವರು ಮೂಗಿನಿಂದ ಕೈ ತೆಗೆದರು.

“ನನಗೆ ಹೇಳಬಾರದಿತ್ತೇ ಆಯಮ್ಮ? ಕೇಳದೇ ಬೈದುಬಿಟ್ಟೆ,” ಎಂದರು ಮಿಸ್ ಮೆತ್ತಗೆ.

“ಮಗು ನಾಚ್ಕೊಂಡಿತ್ತು ಮಿಸ್.” ಆಯಮ್ಮ ಕಿವಿಗೊಟ್ಟು ಆಲಿಸಿದರು. ಸದ್ದು ನಿಂತಿತ್ತು. ಒಂದೇ ಬೀಸಿಗೆ ಒರೆಸಿ, ಬಕೆಟ್ ಎತ್ತಿಕೊಂಡು ಹೊರಟುಹೋದರು.

ಹುಳಿ ಹೊಟ್ಟೆಯನ್ನು ಯಾಕೆ ತಿನ್ನುವುದಿಲ್ಲ ಎಂಬ ಪ್ರಶ್ನೆಯನ್ನು ಗುಬ್ಬಿ ಮಿಸ್‌ಗೆ ಕೇಳಿದಳು.

“ಹೊಟ್ಟೆಯ ಒಳಗೋಡೆಗೆ ತೆಳ್ಳಗೆ ಲೋಳೆ ಬಳಿದಿರುತ್ತೆ. ಅದರಲ್ಲೂ ಸೋಡಾದಂಥದ್ದೇ ಇರುತ್ತೆ. ಹುಳಿ ಗೋಡೆ ಮುಟ್ಟದ ಹಾಗೆ ಕಾಯುತ್ತೆ. ಹಳೇದು ಸವೆದ ಹಾಗೆ ಹೊಸದು ಬರ್ತಾನೇ ಇರುತ್ತೆ.”

“ದಿನಾನಾ ಮಿಸ್?”

“ದಿನಾ. ನಮಗೆ ಗೊತ್ತೇ ಆಗಲ್ಲ.”

ಮರುದಿನ ಗುಬ್ಬಿ ಹೊಟ್ಟೆ ತುಂಬ ತಿಂದು ಎಲ್ಲರಿಗಿಂತ ಮೊದಲು ಬಂದಳು. ಡೆಸ್ಕಿನ ಪಕ್ಕ ಕೂತು ನೆಲದ ಮೇಲೆ ಅಂಗೈ ಆಡಿಸಿದಳು. ನುಣ್ಣಗಿತ್ತು. ಕಿಟಕಿಯ ಬೆಳಕು ಪೂರ್ತಿ ಅದರೊಳಗೆ ಕಾಣುತ್ತಿತ್ತು.

ಹೊರಗೆ ಆಯಮ್ಮನ ಬಕೆಟ್ಟಿನ ಹಿಡಿ ಕಿರ್ ಕಿರ್ ಎಂದಿತು. ದಿನವೂ ಇದ್ದ ಸದ್ದೇ. ಇಷ್ಟು ದಿನ ಅದು ಕಿವಿಗೇ ಬಿದ್ದಿರಲಿಲ್ಲ.

ಗುಬ್ಬಿ ಎದ್ದು ಹೋಗಿ, ಬಾಗಿಲನ್ನು ಅಗಲವಾಗಿ ತೆರೆದು ಹಿಡಿದು ನಿಂತಳು.